ತಿಮ್ಮಪ್ಪಣ್ಣ ರಿವರ್ಸ್ ಹಾಕಿದ ಶುಕ್ರವಾರ

ನಮಗೆ ಇನ್ನೂ ಕುಡಿಯಲು ನೀರು ಕೊಟ್ಟಿರಲಿಲ್ಲ, ಮಲಗುವ ಜಾಗ ತೋರಿಸಿರಲಿಲ್ಲ. ಸೌದಿಯ ದಮ್ಮಾಮಿನ ವಿಮಾನ ನಿಲ್ದಾಣದಿಂದ ಕಂಪನಿಯ ಬಸ್ಸು ನಮ್ಮನ್ನು ನೇರ ಲಾರಿ ನಿಲ್ಲಿಸುವ ಅಂಗಳಕ್ಕೆ ತಂದು ಇಳಿಸಿತು. ಬ್ಯಾಗು ಹೆಗಲ ಮೇಲಿದ್ದ ಹಾಗೇ ಸಾಲು ಹಿಡಿಸಿ ಒಂದು ಮೂಲೆಗೆ ನಡೆಸಿದರು. ಅಲ್ಲೊಂದು ಲಾರಿ ನಿಂತಿತ್ತು. ಅದು ಲಾರಿ ಅಂತ ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಕ್ಯಾಬಿನ್ನು ಒಣಗಿದ ರೊಟ್ಟಿ ಮುರಿದು ಮಡಚಿದಂತೆ ಒಳಕ್ಕೆ ಹೋಗಿತ್ತು. ಸ್ಟೇರಿಂಗು ಸೀಟಿಗೆ ಅಂಟಿಕೊಂಡಿತ್ತು. ಒಡೆದ ಗಾಜಿನ ಚೌಕಟ್ಟಿಗೆ ಒಂದು ಕೆಂಪು ದಾರ ಇನ್ನೂ ಕಟ್ಟಿಕೊಂಡಿತ್ತು.

ಬಿಳಿ ಗಡ್ಡದ ಒಬ್ಬ ಪಠಾಣರು ಅದರ ಮುಂದೆ ನಿಂತು, ನನಗೂ ತಿಳಿಯುವಂಥ ನಿಧಾನದ ಉರ್ದುವಿನಲ್ಲಿ ಹೇಳಿದರು: "ಚೆನ್ನಾಗಿ ನೋಡಿಕೊಳ್ಳಿ. ಇದನ್ನು ಓಡಿಸುತ್ತಿದ್ದವನಿಗೆ ನಿದ್ದೆ ಬಂದಿತ್ತು. ಇದು ನಿಮ್ಮ ಮೊದಲ ಪಾಠ."

ನನ್ನ ಪಕ್ಕದಲ್ಲಿದ್ದ ತಿಮ್ಮಪ್ಪಣ್ಣ ಮಾತ್ರ ಸಾಲು ಬಿಟ್ಟು ಮುಂದೆ ಹೋದ. ವಿಮಾನದಲ್ಲಿ ಕೊಟ್ಟಿದ್ದ ಬಾಟಲಿಯ ತಳದಲ್ಲಿ ಉಳಿದಿದ್ದ ನೀರನ್ನು ಆ ಲಾರಿಯ ಮುಂದಿನ ಚಕ್ರದ ಮೇಲೆ ಹನಿಸಿ, ಕೈಮುಗಿದು ಬಂದ. ಪಠಾಣರು ಬಯ್ಯುತ್ತಾರೆ ಅಂದುಕೊಂಡೆ. ಅವರು ಮುಖ ಆಚೆ ತಿರುಗಿಸಿಕೊಂಡರು.

ಊರ ಕಡೆಯ ಹೊಸ ಡ್ರೈವರುಗಳು ಈಗ ಫೋನು ಮಾಡಿ, "ಕಂಪನಿಯಾಗ ಮೊದಲು ಏನೇನು ಮಾಡಸ್ತಾರ್ರೀ ಅಣ್ಣಾ?" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇ ಬಿಡೋಣ ಅನ್ನಿಸಿತು. ಬರೆಯಲು ಕುಳಿತರೆ ತಿಮ್ಮಪ್ಪಣ್ಣನ ಕಥೆಯ ಹೊರತು ಬೇರೇನೂ ಬರುತ್ತಿಲ್ಲ.

ನಾನು ರಾಯಚೂರಿನ ಆಚೆ, ತೆಲಂಗಾಣಕ್ಕೆ ಸೇರಿದ ಮಕ್ತಲಿನ ಶರಣಪ್ಪ. ಅಲ್ಲಿನ ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿ ಲಾರಿ ಹತ್ತಿದವನು. ರಾಯಚೂರಿನ ಮಿಲ್ಲುಗಳಲ್ಲಿ ಅಕ್ಕಿ ತುಂಬಿಕೊಂಡು, ಕೃಷ್ಣಾ ನದಿಯ ಸೇತುವೆ ದಾಟಿ, ನಮ್ಮೂರ ಮೇಲೆಯೇ ಹಾಯ್ದು ಹೈದರಾಬಾದಿಗೆ ಹೋಗುವುದು. ಆ ಒಂದೇ ದಾರಿಯಲ್ಲಿ ನನ್ನ ಪ್ರಾಯ ಕಳೆಯಿತು. ಮಾಲೀಕರು ಗಾಡಿಗಳನ್ನು ಮಾರಿ ನಾರಾಯಣಪೇಟೆಯಲ್ಲಿ ಸೀರೆ ಅಂಗಡಿ ಇಟ್ಟರು. ಆಮೇಲೆ ಸೌದಿಗೆ ಡ್ರೈವರುಗಳು ಬೇಕಾಗಿದ್ದಾರೆಂದು ಕೇಳಿ ಹೈದರಾಬಾದಿನಲ್ಲಿ ಇಂಟರ್‌ವ್ಯೂ ಕೊಟ್ಟೆ. ತಿಮ್ಮಪ್ಪಣ್ಣ ಸಿಕ್ಕಿದ್ದು ಅಲ್ಲೇ. ಮಲ್ದಕಲ್ಲಿನವನು. ಹೆಂಡತಿ ಲಕ್ಷ್ಮಮ್ಮನ ಮಗ್ಗದ ಕೆಲಸಕ್ಕಾಗಿ ಗದ್ವಾಲಿನಲ್ಲಿ ಮನೆ ಮಾಡಿಕೊಂಡಿದ್ದ. ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವನು. ಹತ್ತಿ, ಶೇಂಗಾ, ಈರುಳ್ಳಿ, ಕಲ್ಲು, ಏನು ತುಂಬಿದರೂ ಒಂದು ಗೀರು ಬೀಳದಂತೆ ಗಾಡಿ ತಂದು ನಿಲ್ಲಿಸುತ್ತಾನೆ ಎಂಬ ಹೆಸರು ಅವನಿಗೆ ಗದ್ವಾಲಿನ ಲಾರಿ ಅಡ್ಡೆಯಲ್ಲಿತ್ತು. ನನ್ನ ಮಾತು ಕೇಳಿ, "ನೀ ನಮ್ಮವನ ಅದೀ ಬಿಡು," ಅಂದ. ಅಲ್ಲಿಂದ ನಾವು ಒಬ್ಬರನ್ನೊಬ್ಬರು ಬಿಡಲಿಲ್ಲ.

ಇಲ್ಲಿ ಡ್ರೈವರುಗಳು ಇರುವ ಜಾಗಕ್ಕೆ ಕ್ಯಾಂಪು ಅನ್ನುತ್ತಾರೆ. ಮರಳಿನ ನಡುವೆ ತಗಡಿನ ಉದ್ದುದ್ದ ಕೋಣೆಗಳು, ಒಳಗೆ ಒಂದರ ಮೇಲೊಂದು ಮಂಚ. ನಮ್ಮ ಕಡೆ ಮನೆ ಸಣ್ಣದಾದರೂ ಹೊರಗೆ ಕಟ್ಟೆ ಇರುತ್ತದೆ. ಸಂಜೆ ಕುಳಿತರೆ ದಾರಿಯಲ್ಲಿ ಹೋಗುವವರು ಊಟ ಆಯಿತೇನು ಎಂದು ಕೇಳಿಯೇ ಹೋಗುತ್ತಾರೆ. ಇಲ್ಲಿ ಬಾಗಿಲು ತೆರೆದರೆ ತಂಪು ಹೋಗುತ್ತದೆಂದು ಎಲ್ಲರೂ ಮುಚ್ಚಿಕೊಂಡೇ ಕೂರುತ್ತಾರೆ. ಕೋಣೆಯನ್ನು ರಾಜ್ಯ ನೋಡಿ ಹಂಚುತ್ತಿದ್ದರು. ನಮ್ಮನ್ನು ತೆಲಂಗಾಣದ ಕೋಣೆಗೆ ಹಾಕಿದರು. ಅಲ್ಲಿ ಕರೀಂನಗರ, ನಿಜಾಮಾಬಾದಿನವರು. ನಮ್ಮ ತೆಲುಗಿನಲ್ಲಿ ಕನ್ನಡ ನುಸುಳಿದಾಗೆಲ್ಲ ನಗುತ್ತಿದ್ದರು. "ಏ ಕರ್ನಾಟಕ" ಅಂತಲೇ ಕರೆಯುತ್ತಿದ್ದರು. ಪಕ್ಕದ ಕೋಣೆಯಲ್ಲಿ ಕರಾವಳಿಯ ಕನ್ನಡದವರಿದ್ದಾರೆಂದು ಕೇಳಿ ಒಂದು ಸಂಜೆ ಆಸೆಯಿಂದ ಹೋದೆ. ಅವರು ನನ್ನ ಮಾತು ಪೂರ್ತಿ ಕೇಳಿ, "ಕನ್ನಡ ಒಳ್ಳೇದೇ ಬರ್ತದಲ್ಲ ನಿಮಗೆ! ಆಂಧ್ರದಲ್ಲಿ ಕಲಿತದ್ದಾ?" ಅಂದರು. ಹುಟ್ಟಿದಾಗಿನಿಂದ ಆಡಿದ ಮಾತಿಗೆ ಶಹಬ್ಬಾಸ್‌ಗಿರಿ ಪಡೆದು ವಾಪಸು ಬಂದೆ. ತಿಮ್ಮಪ್ಪಣ್ಣ ಮಂಚದ ಮೇಲೆ ಕೂತಿದ್ದ. "ಬಾ ಕುಂದ್ರು," ಅಂದ. "ನಾವು ಇಬ್ಬರು ಅದೀವಲ್ಲ. ಮಾತಾಡಾಕ ಇಬ್ಬರು ಸಾಕು."

ಊಟಕ್ಕೆ ಖುಬ್ಜ್ ಎಂಬ ದಪ್ಪ ರೊಟ್ಟಿ, ಕೋಳಿ, ಅನ್ನ. ಬಿಸಿ ಇದ್ದಾಗ ಖುಬ್ಜ್ ಬಾಯಿಗೆ ಹತ್ತುತ್ತದೆ. ಆರಿದರೆ ಚರ್ಮ ಜಗಿದಂತೆ. ತಿಮ್ಮಪ್ಪಣ್ಣ ಕ್ಯಾಂಪಿನ ಹೊರಗಿನ ಮಲಯಾಳಿ ಅಂಗಡಿಯಲ್ಲಿ ಅದು ಹೇಗೋ ಜೋಳದ ಹಿಟ್ಟಿನ ಚೀಲ ಹುಡುಕಿ ತಂದ. ತಟ್ಟಲು ಕಲ್ಲಿಲ್ಲ, ಊಟದ ತಟ್ಟೆಯನ್ನು ಬೋರಲು ಹಾಕಿ ತಟ್ಟಿದ. ಮೊದಲನೆಯದು ಚೂರಾಯಿತು. ಎರಡನೆಯದು ಉಬ್ಬಿತು. ನಮ್ಮ ಭಾಷೆಗೆ ನಗುತ್ತಿದ್ದ ಕರೀಂನಗರದವರೂ ಒಂದೊಂದು ತುಂಡು ಮುರಿದುಕೊಂಡರು. ಆ ದಿನ ಅವನ ಮುಖ ನೋಡಬೇಕಿತ್ತು. ಇಲ್ಲಿ ನಾವು ಗೆದ್ದದ್ದು ಅಂತ ಏನಾದರೂ ಇದ್ದರೆ ಅದೇ ರೊಟ್ಟಿ.

ಕಂಪನಿಯಲ್ಲಿ ಮೊದಲು ಮಾಡಿಸುವ ತರಬೇತಿಗೆ ಓರಿಯೆಂಟೇಶನ್ ಅನ್ನುತ್ತಾರೆ. ಮೊದಲು ಪಾಸ್‌ಪೋರ್ಟು ತೆಗೆದಿಟ್ಟುಕೊಂಡರು. ಆಮೇಲೆ ರಕ್ತ, ಕಣ್ಣು, ಎದೆಯ ಪರೀಕ್ಷೆ. ಆಮೇಲೆ ತಂಪಿನ ಕೋಣೆಯಲ್ಲಿ ಕೂರಿಸಿ ಅಪಘಾತದ ಸಿನಿಮಾಗಳನ್ನು ತೋರಿಸಿದರು: ಬೆಲ್ಟು ಸಡಿಲಾಗಿ ಉರುಳಿದ ಪೈಪುಗಳು, ಮರಳುಗಾಳಿಯಲ್ಲಿ ಡಿಕ್ಕಿಯಾದ ಕಾರುಗಳು, ರಸ್ತೆಗೆ ಅಡ್ಡ ಬಂದ ಒಂಟೆ. ಕ್ಯಾಬಿನ್ನಿನೊಳಗೇ ಕ್ಯಾಮೆರಾ ಇರುತ್ತದೆ, ನೀವು ಆಕಳಿಸಿದರೂ ಆಫೀಸಿಗೆ ಗೊತ್ತಾಗುತ್ತದೆ ಅಂದರು. ಹಾರ್ನು ಹಾಕಬಾರದು. ಲುಂಗಿ ಉಟ್ಟು ಇಳಿಯಬಾರದು. ಗಾಡಿಯಲ್ಲಿ ಬೇರೆಯವರನ್ನು ಕೂರಿಸಬಾರದು. ನಮ್ಮಲ್ಲಿ ಲಾರಿ ಹತ್ತಿದವನು ಆ ಲಾರಿಗೆ ರಾಜ. ಇಲ್ಲಿ ಲಾರಿಯೇ ಅವನ ಮೇಲೆ ಕಣ್ಣಿಟ್ಟಿರುತ್ತದೆ.

ಕೊನೆಗೆ ಅಂಗಳದ ಪಾಠ. ಕಲಿಸುವವರು ಮೊದಲ ದಿನದ ಅದೇ ಪಠಾಣರು, ನಾದಿರ್ ಉಸ್ತಾದರು. ಅವರದು ಪೆಶಾವರದ ಆಚೆಯ ಊರು. ಸ್ಟೇರಿಂಗು ಎಡಗಡೆ, ಗಾಡಿ ಓಡುವುದು ರಸ್ತೆಯ ಬಲಗಡೆ. ಅದಕ್ಕೆ ತಿಮ್ಮಪ್ಪಣ್ಣ ಎರಡೇ ದಿನದಲ್ಲಿ ಒಗ್ಗಿಕೊಂಡ. ಮುಂದಕ್ಕೆ ಅವನು ಓಡಿಸಿದ್ದನ್ನು ನೋಡಿ ಉಸ್ತಾದರು, "ವಾಹ್" ಅಂದದ್ದನ್ನು ನಾನೇ ಕೇಳಿದ್ದೇನೆ. ಅವನು ಸೋತದ್ದು ಹಿಂದಕ್ಕೆ.

ಅದು ಏಕೆಂದು ಊರಿನ ಡ್ರೈವರುಗಳು ಚೆನ್ನಾಗಿ ಬಲ್ಲರು. ನಮ್ಮಲ್ಲಿ ರಿವರ್ಸ್ ಹಾಕುವಾಗ ಕ್ಲೀನರ್ ಇಳಿದು ಹಿಂದೆ ನಿಲ್ಲುತ್ತಾನೆ. "ಆನ್ ದೋ, ಆನ್ ದೋ", ಬರಲಿ ಬರಲಿ, ಅಂತ ಕೂಗುತ್ತ ಲಾರಿಯ ಮೈಮೇಲೆ ಬಡಿಯುತ್ತಾನೆ. ಎರಡು ಬಡಿತಕ್ಕೆ ಬರಬಹುದು, ಒಂದು ಬಡಿತಕ್ಕೆ ನಿಲ್ಲಬೇಕು. ಡ್ರೈವರ್ ಕಿವಿಯಿಂದ ಓಡಿಸುತ್ತಾನೆ. ಇಲ್ಲಿ ಕ್ಲೀನರ್ ಎಂಬ ಮನುಷ್ಯನೇ ಇಲ್ಲ. ಉದ್ದನೆಯ ಟ್ರೇಲರನ್ನು ಎರಡು ಕನ್ನಡಿ ನಂಬಿಕೊಂಡು ಎರಡು ಗೋಡೆಗಳ ನಡುವೆ ಹಿಂದಕ್ಕೆ ತೂರಿಸಬೇಕು. ತಿಮ್ಮಪ್ಪಣ್ಣ ಕನ್ನಡಿ ಬಿಟ್ಟು ಕಿಟಕಿಯಿಂದ ತಲೆ ಹೊರಗೆ ಹಾಕಿ ಏನನ್ನೋ ಕೇಳಿಸಿಕೊಳ್ಳಲು ನೋಡುತ್ತಿದ್ದ.

"ಕನ್ನಡಿ ನೋಡು ತಿಮ್ಮಪ್ಪಾ, ಕನ್ನಡಿ!" ಉಸ್ತಾದರು ಕೂಗುತ್ತಿದ್ದರು.

"ಅದರಾಗ ಎಲ್ಲಾ ಉಲ್ಟಾ ಕಾಣ್ತೈತಿ ತಮ್ಮಾ," ಅನ್ನುತ್ತಿದ್ದ ಅವನು ನನಗೆ. "ಹಿಂದ ಯಾರೂ ಇಲ್ಲಂದ್ರ ನನಗ ಧೈರ್ಯನ ಬರವಲ್ದು."

ಸರ್ಕಾರಿ ಲೈಸೆನ್ಸಿನ ಪರೀಕ್ಷೆಗೆ ಹೋದೆವು. ನಾನು ಪಾಸಾದೆ. ಅವನು ಟ್ರೇಲರಿನ ಬಾಲವನ್ನು ಕಂಬಕ್ಕೆ ತಾಗಿಸಿದ. ಮತ್ತೆ ಕಳಿಸಿದರು, ಮತ್ತೆ ತಾಗಿಸಿದ. ಮೂರನೆಯ ಸಲ ಹೋಗುವ ಹಿಂದಿನ ವಾರ ಉಸ್ತಾದರು ತಮ್ಮ ಊಟದ ಹೊತ್ತಿನಲ್ಲೂ ಅವನನ್ನು ಕೂರಿಸಿಕೊಂಡು ಕಲಿಸಿದರು. ಆ ಸಲವೂ ಅವನು ಕನ್ನಡಿ ಬಿಟ್ಟು ಕಿಟಕಿಯಿಂದ ತಲೆ ಹೊರಗೆ ಹಾಕಿದನಂತೆ. ಪರೀಕ್ಷಕ ಅರ್ಧಕ್ಕೇ ಇಳಿಯಲು ಹೇಳಿದನಂತೆ. ಕ್ಯಾಂಪಿಗೆ ಬಂದವನು ಬೂಟು ಬಿಚ್ಚದೆ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ.

ಮರುದಿನ ಅವನ ಜೊತೆ ಮುದೀರನ ಹತ್ತಿರ, ಅಂದರೆ ಮ್ಯಾನೇಜರನ ಹತ್ತಿರ, ನಾನೂ ಹೋದೆ. ಲೈಸೆನ್ಸ್ ಆಗದಿದ್ದರೆ ಊರಿಗೆ ಕಳಿಸಿಬಿಡಿ ಎಂದು ತಿಮ್ಮಪ್ಪಣ್ಣ ಹೇಳಿದ್ದನ್ನು ನಾನು ಹಿಂದಿಯಲ್ಲಿ ಹೇಳಿದೆ. ಮುದೀರ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಕರಾರು ಮುಗಿಯುವವರೆಗೆ ಇಲ್ಲ. ಗಾಡಿ ತೊಳೆಯುವ ಕಡೆ ಕೆಲಸ ಇದೆ," ಅಂದ. ಹೊರಗೆ ಬಂದ ಮೇಲೆ ತಿಮ್ಮಪ್ಪಣ್ಣ ಒಂದೇ ಮಾತು ಕೇಳಿದ: "ನಿಮ್ಮ ಅತ್ತಿಗಿಗೆ ಹೇಳಬ್ಯಾಡ. ಹೇಳಂಗಿಲ್ಲಲ್ಲ?"

ಅಲ್ಲಿಂದ ನಾನು ರಸ್ತೆಗೆ ಬಿದ್ದೆ, ಅವನು ನೀರಿನ ಪೈಪು ಹಿಡಿದ. ನಾನು ರಿಯಾದಿಗೋ ಜುಬೈಲಿನ ಬಂದರಿಗೋ ಹೋಗಿ ಬಂದರೆ ನನ್ನ ಗಾಡಿಯ ಮರಳನ್ನು ತೊಳೆಯುವವನು ಅವನೇ. ಚಕ್ರ ತೊಳೆಯುತ್ತಲೇ ಟೈರಿನ ತೇಯ್ದ ಬದಿ ತೋರಿಸಿ, "ಇದನ್ನ ಬದಲಿ ಮಾಡ್ಸು," ಅನ್ನುತ್ತಿದ್ದ. ಲಕ್ಷ್ಮಮ್ಮ ಫೋನು ಮಾಡಿದಾಗ ಮಾತ್ರ ಅವನು ಬೇರೆ ಮನುಷ್ಯನಾಗುತ್ತಿದ್ದ. ಎಲ್ಲೆಲ್ಲಿ ಹೋಗಿಬಂದೆ ಅಂತ ಹೇಳುತ್ತಿದ್ದ; ಅವೆಲ್ಲ ನಾನು ಹೋಗಿಬಂದ ಊರುಗಳು. ಆಕೆ ಮಗ್ಗದ ಮುಂದೆ ಕೂತೇ ವಿಡಿಯೋದಲ್ಲಿ ಬರುತ್ತಿದ್ದಳು. ಪ್ರತಿಸಲ ಒಂದೇ ಮಾತು: "ಒಮ್ಮಿಯಾದ್ರೂ ನಿಮ್ಮ ಬಂಡಿ ತೋರಿಸ್ರೀ. ನೆರಿಮನಿಯವ್ರು ಕೇಳಾಕತ್ಯಾರ."

ಒಂದು ಶುಕ್ರವಾರ ಮಧ್ಯಾಹ್ನ. ಇಲ್ಲಿ ಶುಕ್ರವಾರ ರಜೆ. ಆಫೀಸು ಮುಚ್ಚಿತ್ತು, ಅಂಗಳದಲ್ಲಿ ಯಾರೂ ಇರಲಿಲ್ಲ. ಲಕ್ಷ್ಮಮ್ಮನ ಫೋನು ಬಂತು. ತಿಮ್ಮಪ್ಪಣ್ಣ ನನ್ನ ಮುಖ ನೋಡಿದ. ನಾನು ಬೀಗದ ಕೈ ಕೊಟ್ಟೆ. ಅವನು ನನ್ನ ಗಾಡಿ ಹತ್ತಿ ಸೀಟಿನಲ್ಲಿ ಕೂತು, ಅಂಗಿಯ ಗುಂಡಿ ಸರಿಮಾಡಿಕೊಂಡ. ನಾನು ಕೆಳಗೆ ನಿಂತು ಅವನ ಫೋನು ಹಿಡಿದೆ; ಇನ್ನೊಂದು ಕೈಯಲ್ಲಿ, ಆಮೇಲೆ ಊರಿಗೆ ಕಳಿಸಲೆಂದು, ನನ್ನ ಫೋನಿನಲ್ಲೂ ವಿಡಿಯೋ ತೆಗೆದೆ.

"ಅಯ್ಯಯ್ಯಪ್ಪಾ, ಎಷ್ಟು ದೊಡ್ಡದೈತ್ರೀ!" ಲಕ್ಷ್ಮಮ್ಮನ ದನಿ. ಹಿಂದೆ ಹೆಂಗಸರ ಗುಜುಗುಜು. "ಸ್ವಲ್ಪ ಓಡಿಸಿ ತೋರಿಸ್ರಲ್ಲ!"

ಗಾಡಿಯ ಮುಂದೆ ಬೇಲಿ ಇತ್ತು, ಓಡಿಸುವುದಾದರೆ ಹಿಂದಕ್ಕೇ ಓಡಿಸಬೇಕಿತ್ತು. ಆಗಲೇ ನಾದಿರ್ ಉಸ್ತಾದರು ನಮಾಜು ಮುಗಿಸಿ ಆ ಕಡೆಯಿಂದ ಬಂದರು. ಇನ್ನು ಕಥೆ ಮುಗಿಯಿತು ಅಂದುಕೊಂಡೆ. ಅವರು ಫೋನನ್ನು ನೋಡಿದರು, ಸೀಟಿನಲ್ಲಿದ್ದವನನ್ನು ನೋಡಿದರು. ಏನಾಗುತ್ತಿದೆ ಎಂದು ನಾನು ಹೇಳಬೇಕಾಗಲಿಲ್ಲ.

"ಘರ್‌ವಾಲೀ?" ಎಂದು ಮೆಲ್ಲಗೆ ಕೇಳಿದರು. ಹೆಂಡತಿಯೇ ಎಂದು.

ಹೌದೆಂದು ತಲೆಯಾಡಿಸಿದೆ. ಉಸ್ತಾದರು ತಮ್ಮ ಜಪಮಾಲೆಯನ್ನು ಜೇಬಿಗೆ ಹಾಕಿಕೊಂಡು ಟ್ರೇಲರಿನ ಹಿಂದಕ್ಕೆ ಹೋದರು. ಆಮೇಲೆ ತಗಡಿನ ಮೇಲೆ ಅಂಗೈ ಬಡಿದ ಸದ್ದು. ಟಪ್ ಟಪ್. "ಆನ್ ದೋ! ಆನ್ ದೋ ತಿಮ್ಮಪ್ಪಾ!"

ಗೇರು ಬಿತ್ತು. ಗಾಡಿ ಹಿಂದಕ್ಕೆ ಹೊರಟಿತು. ಟಪ್ ಟಪ್. ಟ್ರೇಲರು ಹಾವು ಹೊರಳಿದಂತೆ ಹೊರಳಿ, ಮೂರು ಸಲ ಅವನನ್ನು ಸೋಲಿಸಿದಂಥ ಇಕ್ಕಟ್ಟಿನಲ್ಲೇ, ಎರಡು ಗೋಡೆಗಳ ನಡುವೆ ನೇರ ಹೋಗಿ ಕೂತಿತು. ಟಪ್. ನಿಂತಿತು. ಎರಡೂ ಬದಿಗೆ ಸರಿಯಾಗಿ ಒಂದೇ ಅಳತೆಯ ಜಾಗ. ಗದ್ವಾಲಿನಲ್ಲಿ ಹೆಂಗಸರು ನಗುತ್ತಿದ್ದರು, ಯಾರೋ ಚಪ್ಪಾಳೆ ತಟ್ಟಿದರು. ತಿಮ್ಮಪ್ಪಣ್ಣ ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡು ಮುಂದೆ ನೋಡುತ್ತ ಕುಳಿತಿದ್ದ, ಕೆಳಗೆ ಇಳಿಯಲೇ ಇಲ್ಲ. ಉಸ್ತಾದರೇ ಹೋಗಿ ಬಾಗಿಲು ತೆರೆದು, "ಬಾ ಮಗನೇ, ಚಹಾ ಕುಡಿಯೋಣ," ಅಂದರು.

ಕ್ಯಾಬಿನ್ನಿನ ಕ್ಯಾಮೆರಾ ನಮಗೆ ಆಗ ನೆನಪೇ ಇರಲಿಲ್ಲ.

ವಾರದ ಕೆಲಸ ಶುರುವಾಗುತ್ತಲೇ ಮೂವರನ್ನೂ ಕರೆದರು. ಲೈಸೆನ್ಸಿಲ್ಲದವನು ಗಾಡಿ ಓಡಿಸಿದ್ದು, ಅದನ್ನು ಕಲಿಸುವವರೇ ನಿಂತು ಮಾಡಿಸಿದ್ದು, ಇವೇ ತಪ್ಪುಗಳು. ನನಗೆ ಎಚ್ಚರಿಕೆ ಕೊಟ್ಟು ಬಿಟ್ಟರು, ಏಕೆಂದರೆ ರಸ್ತೆಗೆ ಡ್ರೈವರುಗಳ ಕೊರತೆ ಇತ್ತು. ಉಸ್ತಾದರನ್ನು ಕಲಿಸುವ ಕೆಲಸದಿಂದ ತೆಗೆದರು. ತಿಂಗಳೊಪ್ಪತ್ತಿನಲ್ಲಿ ಅವರು ತಮ್ಮ ದೇಶಕ್ಕೆ ಹೊರಟುಹೋದರು. ಹೋಗುವಾಗ ನನಗೆ, "ಅವನು ಒಳ್ಳೆ ಡ್ರೈವರ್. ಅದನ್ನು ಅವನಿಗೆ ಆಗಾಗ ಹೇಳುತ್ತಿರು," ಅಂದರು. ಹೇಳಲು ತಿಮ್ಮಪ್ಪಣ್ಣ ಅಷ್ಟರಲ್ಲಿ ಕ್ಯಾಂಪಿನಲ್ಲಿರಲಿಲ್ಲ. ಅವನನ್ನು ದೂರದ ಕಲ್ಲಿನ ಕ್ರಷರಿಗೆ ಕಳಿಸಿಬಿಟ್ಟಿದ್ದರು.

ಕ್ರಷರಿನಿಂದ ಜಲ್ಲಿ ತುಂಬಿಕೊಂಡು ಬರುವ ಕೆಲಸ ಒಮ್ಮೆ ನನಗೆ ಬಂತು. ಬಿಳಿ ಧೂಳಿನಲ್ಲಿ ಎಲ್ಲ ಮನುಷ್ಯರೂ ಒಂದೇ ಥರ ಇದ್ದರು. ಕನ್ವೇಯರಿನ ಪಟ್ಟಿಯಿಂದ ಕೆಳಗೆ ಬಿದ್ದ ಜಲ್ಲಿಯನ್ನು ಸಲಿಕೆಯಿಂದ ಬಾಚುತ್ತಿದ್ದ ಒಬ್ಬನು ಕೆಮ್ಮುತ್ತ ಬಗ್ಗಿದಾಗ, ಆ ಬೆನ್ನು ನೋಡಿ ಗುರುತು ಹಿಡಿದೆ. ಅವನಿಗಾಗಿ ಕಟ್ಟಿಸಿ ತಂದಿದ್ದ ಉಪ್ಪಿನಕಾಯಿ ಕೊಟ್ಟೆ. ಮುಖದ ಬಟ್ಟೆ ಇಳಿಸಿ ನಕ್ಕ. ಹಲ್ಲಿನ ಮೇಲೂ ಧೂಳು.

"ಅಣ್ಣಾ, ಹೆಂಗದೀ?"

"ಅದೀನಿ," ಅಂದ. ಪೊಟ್ಟಣದ ಧೂಳು ಒರೆಸಿಕೊಂಡು, "ನಿಮ್ಮ ಅತ್ತಿಗಿ ಆ ವಿಡಿಯೋ ಎಲ್ಲಾರಿಗೂ ತೋರಿಸ್ಯಾಳಂತ," ಅಂದ. ಅಷ್ಟರಲ್ಲಿ ಮೇಸ್ತ್ರಿ ಕೂಗಿದ. ನನ್ನ ಗಾಡಿ ತುಂಬಿತ್ತು.

ಇಲ್ಲಿನ ರಸ್ತೆ ಹೇಗಿರುತ್ತದೆಂದು ಊರಿನವರು ಕೇಳುತ್ತಾರೆ. ಬಹಳ ಚೆನ್ನಾಗಿದೆ. ಒಂದು ಗುಂಡಿಯಿಲ್ಲ, ಒಂದು ತಿರುವಿಲ್ಲ. ಮಕ್ತಲಿನಿಂದ ಮಹಬೂಬ್‌ನಗರಕ್ಕೆ ಹೋಗುವುದರೊಳಗೆ ನಮಗೆ ಎಷ್ಟು ಎಮ್ಮೆ, ಎಷ್ಟು ಮದುವೆ, ಎಷ್ಟು ಜಗಳ ಅಡ್ಡ ಬರುತ್ತಿದ್ದವು! ಇಲ್ಲಿ ಬೆಳಗಿನಿಂದ ಸಂಜೆಯವರೆಗೆ ಓಡಿಸಿದರೂ ಕಿಟಕಿಯಲ್ಲಿ ಅದೇ ಮರಳು. ಆ ಕ್ರಷರಿನ ದಿನದ ನಂತರ ನಾನು ಗಾಡಿಯಲ್ಲಿ ಹಾಡು ಹಾಕುವುದನ್ನು ಬಿಟ್ಟೆ. ಒಮ್ಮೊಮ್ಮೆ ಕನ್ನಡದಲ್ಲಿ ಗಟ್ಟಿಯಾಗಿ ಏನಾದರೂ ಮಾತಾಡಿಕೊಳ್ಳುತ್ತಿದ್ದೆ. ಆಫೀಸಿನಿಂದ ಫೋನು ಬಂತು: ಗಾಡಿಯಲ್ಲಿ ನಿನ್ನ ಜೊತೆ ಯಾರಿದ್ದಾರೆ?

ಕರಾರು ಮುಗಿದ ಮೇಲೆ ತಿಮ್ಮಪ್ಪಣ್ಣನನ್ನು ಊರಿಗೆ ಕಳಿಸಿದರು. ನನಗೆ ರಜೆ ಸಿಕ್ಕಿದ್ದು ಅದಾದ ಕೆಲವು ತಿಂಗಳಿಗೆ. ಮಕ್ತಲಿನಲ್ಲಿ ಬಸ್ಸಿಳಿದು ಮನೆ ಸೇರುವುದರೊಳಗೆ ಸಿಕ್ಕವರೆಲ್ಲ ಕೇಳಿದ್ದು, "ಯಾವಾಗ ಬಂದ್ಯೋ? ಯಾವಾಗ ಹೊಂಟಿ?" ಎರಡೂ ಒಂದೇ ಉಸಿರಿನಲ್ಲಿ. ಮನೆಯಲ್ಲಿ ಹೆಂಡತಿ ನನಗೆ ಹೊಸ ಹಾಸಿಗೆ ಹಾಸಿ, ಕುಡಿಯಲು ಬಾಟಲಿ ನೀರು ತಂದಿಟ್ಟಳು. ಬಾವಿಯ ನೀರು ಕೊಡು ಅಂದರೆ, "ನಿಮಗ ಈಗ ಅದು ಆಗಿಬರಂಗಿಲ್ಲ ಬಿಡ್ರೀ," ಅಂದಳು. ನಾಲ್ಕು ದಿನ ಇದ್ದು ಗದ್ವಾಲಿಗೆ ಹೋದೆ.

ತಿಮ್ಮಪ್ಪಣ್ಣನ ಮನೆಯಲ್ಲಿ ಮಗ್ಗದ ಸದ್ದು ಬೀದಿಗೇ ಕೇಳುತ್ತಿತ್ತು. ಲಕ್ಷ್ಮಮ್ಮ ಎದ್ದು ಬಂದು, "ಬರ್ರೀ ಮೈದುನ್ರೇ," ಅಂತ ಕೂರಿಸಿದಳು. ಚಹಾ ಕೊಟ್ಟು, ನಾನೇ ತೆಗೆದ ಆ ವಿಡಿಯೋವನ್ನು ನನಗೇ ತೋರಿಸಿದಳು. "ನೋಡ್ರಿ, ಇಂಥಾ ಬಂಡಿ ನಡೆಸಿದವ್ರು, ಈಗ ನನ್ನ ತಮ್ಮನ ವ್ಯಾನ್ ಐತಿ, ಅದನ್ನ ನಡೆಸ್ರೀ ಅಂದ್ರ ಒಲ್ಲೆ ಅಂತಾರ. ಕಣ್ಣು ಉರೀತಾವಂತ. ನೀವರ ಹೇಳ್ರಿ."

ತಿಮ್ಮಪ್ಪಣ್ಣ ಗೋಡೆಗೆ ಒರಗಿ ಕೂತಿದ್ದ. ಅರ್ಧ ಮನುಷ್ಯನಾಗಿದ್ದ. ಲಕ್ಷ್ಮಮ್ಮನ ಅಣ್ಣ ತಮ್ಮಂದಿರು ಬಂದರು. ರಿಯಾದಿನ ರಸ್ತೆ ಹೇಗೆ ಅಂತ ಕೇಳಿದರು. ಅವನು ಕೆಮ್ಮಿನ ನಡುವೆ ಹೇಳಿದ: ಮರಳುಗಾಳಿ, ಒಂಟೆ, ಜುಬೈಲಿನ ಹಡಗು. ಎಲ್ಲ ನಾನು ಅವನಿಗೆ ಹೇಳಿದ್ದವು. ಒಂದು ಊರಿನ ಹೆಸರು ಮರೆತು ನನ್ನ ಕಡೆ ನೋಡಿದಾಗ, ನಾನು ಹೇಳಿಕೊಟ್ಟೆ.

ಸಂಜೆ ಬಸ್ ನಿಲ್ದಾಣದವರೆಗೆ ನಡೆಯುತ್ತಾ ಬಂದ. ನಡುವೆ ಎರಡು ಕಡೆ ನಿಂತು ಉಸಿರು ತೆಗೆದುಕೊಂಡ. ಉಸ್ತಾದರು ಹೇಳಿದ್ದನ್ನು ಅವನಿಗೆ ಮುಟ್ಟಿಸಿದೆ. ತಲೆಯಾಡಿಸಿ ಮುಂದೆ ನಡೆದ. ಮಕ್ತಲಿನ ಮೇಲೆ ಹೋಗುವ ನಾರಾಯಣಪೇಟೆಯ ಬಸ್ಸು ಬಂದು ನಿಂತ ಮೇಲೆ ನನ್ನ ಕೈ ಹಿಡಿದ.

"ತಮ್ಮಾ, ನಿಮ್ಮ ಮುದೀರನ್ನ ಒಂದು ಮಾತು ಕೇಳ್ತೀಯೇನು? ನಾ ಮತ್ತ ಬರ್ತೀನಿ. ಡ್ರೈವರ್ ಅಂತ ಬ್ಯಾಡ. ಗಾಡಿ ತೊಳಿಯಾಕ."

"ಅಣ್ಣಾ, ಅಲ್ಲಿ ಪಟ್ಟದ್ದು ಮರ್ತಿಯೇನು?"

"ಎಲ್ಲಿ ಮರೀತೈತಿ," ಅಂದ. "ಇಲ್ಲಿ ಎಲ್ಲಾರ ಮುಂದೂ ನಾ ದೊಡ್ಡ ಡ್ರೈವರ್ ಅದೀನಿ ನೋಡು. ದಿನಾ ಹಂಗ ಇರಬೇಕು. ಅಲ್ಲಾದ್ರ ಯಾರೂ ಏನೂ ಕೇಳಂಗಿಲ್ಲ."

ನನಗೆ ಆ ಬಸ್ಸು ಹತ್ತಲು ಮನಸ್ಸಿರಲಿಲ್ಲ. ಮಕ್ತಲಿಗೆ ಹೋಗಿ ಮತ್ತೆ ಹೈದರಾಬಾದು, ಮತ್ತೆ ಆ ತಗಡಿನ ಕೋಣೆ. ಇಲ್ಲೇ ಇದ್ದುಬಿಡಲೇ ಅಂದುಕೊಂಡರೆ, ಇಲ್ಲಿ ಎಂದರೆ ಎಲ್ಲಿ? ಬಾಟಲಿ ನೀರು ಕೊಡುವ ಮನೆಯಲ್ಲೇ? ಹತ್ತಿದೆ.

ಬಂದ ಮೇಲೆ ಮುದೀರನನ್ನು ಕೇಳಿದೆ. ಕಂಪ್ಯೂಟರಿನಲ್ಲಿ ಅವನ ಹೆಸರು ಹೊಡೆದು ನೋಡಿ, ಎದೆಯ ಪರೀಕ್ಷೆಯಲ್ಲಿ ಅವನು ಇನ್ನು ಪಾಸಾಗುವುದಿಲ್ಲ, ಬಿಡು, ಅಂದ. ಇದು ನಡೆದು ಬಹಳ ದಿನವಾಯಿತು. ಶುಕ್ರವಾರದ ರಜೆಯಲ್ಲಿ ತಿಮ್ಮಪ್ಪಣ್ಣ ಫೋನು ಮಾಡುತ್ತಾನೆ. ಮೊದಲು ಕೆಮ್ಮು ಕೇಳಿಸುತ್ತದೆ, ಆಮೇಲೆ ದನಿ: "ಕೇಳಿದ್ಯೇನು ತಮ್ಮಾ?"

"ಕೇಳೀನಿ ಅಣ್ಣಾ," ಅನ್ನುತ್ತೇನೆ. "ನೋಡೂಣು ಅಂದಾರ."